ಚಿತ್ರ ಬರೆಸುವವರ ಪಾಲಿನ ಕೆಲಸ

ಮನೆ ಕಟ್ಟಿಸುವಾಗ ಮೇಸ್ತ್ರಿಯ ಬಳಿ ಹತ್ತು ಸಲ ಕುಳಿತು ಲೆಕ್ಕ ಹಾಕುವ ನಾವು, ಚಿತ್ರ ಬರೆಸುವಾಗ ಮಾತ್ರ ‘ನಿಮಗೆ ಗೊತ್ತಲ್ಲ, ಚೆಂದ ಮಾಡಿ ಕೊಡಿ’ ಎಂದು ಒಂದೇ ಮಾತಿನಲ್ಲಿ ಒಪ್ಪಿಸಿ ಬಂದುಬಿಡುತ್ತೇವೆ. ಚಿತ್ರ ಕೈಗೆ ಬಂದ ದಿನ ‘ನಾನು ಅಂದುಕೊಂಡದ್ದು ಹೀಗಲ್ಲ’ ಎನ್ನುತ್ತೇವೆ. ಅಂದುಕೊಂಡದ್ದನ್ನು ಕಲಾವಿದರಿಗೆ ಹೇಳಿದ್ದೆವೇ ಎಂದು ಕೇಳಿಕೊಂಡರೆ ಹೆಚ್ಚಿನ ಸಲ ಇಲ್ಲವೆಂದೇ ಒಪ್ಪಿಕೊಳ್ಳಬೇಕಾಗುತ್ತದೆ. ಕಳೆದ ಕೆಲವು ವರ್ಷಗಳಲ್ಲಿ ನಾನು ಮೂರು ಬಗೆಯ ಚಿತ್ರಗಳನ್ನು ಬರೆಸಿದ್ದೇನೆ: ಮನೆಯ ಚಾವಡಿಗೆ ಅಮ್ಮನ ತೈಲವರ್ಣದ ಭಾವಚಿತ್ರ, ಕಾಸರಗೋಡಿನ ಬದಿಯಡ್ಕದ ಕಡೆಯ ಶಾಲೆಯೊಂದರ ಗೋಡೆಗೆ ಭಿತ್ತಿಚಿತ್ರ, ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆಗೆ ಡಿಜಿಟಲ್ ಮುಖಚಿತ್ರ. ಮೂರರಲ್ಲೂ ಒಂದೊಂದು ಎಡವಟ್ಟು ನಡೆಯಿತು, ಮೂರರಲ್ಲೂ ತಪ್ಪಿನ ದೊಡ್ಡ ಪಾಲು ಬರೆಸಿದವರ ಕಡೆಯದೇ ಆಗಿತ್ತು. ಕಲಾವಿದರು ಕುಂಚ ಹಿಡಿಯುವ ಮೊದಲು ಬರೆಸುವವರು ಮಾಡಿ ಮುಗಿಸಬೇಕಾದ ಕೆಲಸ ಬಹಳಷ್ಟಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಯಾರ ಬಳಿ ಹೋಗುವುದು

ಕಾಸರಗೋಡಿನವರಿಗೆ ಈ ವಿಷಯದಲ್ಲಿ ಎರಡು ದಿಕ್ಕುಗಳ ಅನುಕೂಲವಿದೆ. ಉತ್ತರಕ್ಕೆ ಹೋದರೆ ಮಂಗಳೂರಿನ ಮಹಾಲಸಾ ಚಿತ್ರಕಲಾ ಶಾಲೆಯಲ್ಲಿ ಕಲಿತವರು, ಘಟ್ಟ ಹತ್ತಿದರೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಕಲಿತವರು ಸಿಗುತ್ತಾರೆ. ದಕ್ಷಿಣಕ್ಕೆ ನೀಲೇಶ್ವರ, ಪಯ್ಯನ್ನೂರು ಕಡೆ ಹೋದರೆ ಕೇರಳದ ಸಾಂಪ್ರದಾಯಿಕ ಭಿತ್ತಿಚಿತ್ರದಲ್ಲಿ ಪಳಗಿದವರಿದ್ದಾರೆ. ಗುರುವಾಯೂರು ದೇವಸ್ಥಾನದಲ್ಲಿ 1970ರ ನವೆಂಬರ್‌ನಲ್ಲಿ ಬೆಂಕಿ ಬಿದ್ದು ಹಳೆಯ ಭಿತ್ತಿಚಿತ್ರಗಳು ಹಾಳಾದವು. ಅವುಗಳನ್ನು ಮತ್ತೆ ಬರೆಸುವ ಪ್ರಯತ್ನದ ಬೆನ್ನಿಗೇ 1989ರಲ್ಲಿ ಅಲ್ಲಿಯ ಆಡಳಿತ ಮಂಡಳಿಯಾದ ದೇವಸ್ವಂ ಈ ಕಲೆಯನ್ನು ಕಲಿಸುವ ಕೇಂದ್ರವೊಂದನ್ನು ತೆರೆಯಿತು. ಇಂದು ಗೋಡೆಗೆ, ಬಟ್ಟೆಗೆ, ಕ್ಯಾನ್ವಾಸಿಗೆ ಆ ಶೈಲಿಯಲ್ಲಿ ಬರೆಯುವವರಲ್ಲಿ ಹಲವರು ಅಲ್ಲಿಂದ ಬಂದವರು, ಇಲ್ಲವೇ ಅಲ್ಲಿಂದ ಬಂದವರ ಶಿಷ್ಯರು. ಬೆಂಗಳೂರಿಗೆ ಹೋಗಿಬರುವವರು ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ, ಒಂದೇ ದಿನದಲ್ಲಿ ನೂರಾರು ಕೈಗಳ ಕೆಲಸವನ್ನು ಎದುರಿಗೇ ನೋಡಬಹುದು. ಇವರೆಲ್ಲರ ಜೊತೆಗೆ ನಮ್ಮ ಶಾಲೆಗಳ ಚಿತ್ರಕಲಾ ಅಧ್ಯಾಪಕರೂ ಇದ್ದಾರೆ. ಅವರನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಒಂದು ಮಾಧ್ಯಮದಲ್ಲಿ ಪಳಗಿದವರು ಇನ್ನೊಂದರಲ್ಲೂ ಪಳಗಿರುತ್ತಾರೆಂದು ತಿಳಿಯಬಾರದು. ಟ್ಯಾಬ್ಲೆಟ್ಟಿನಲ್ಲಿ ಸೊಗಸಾಗಿ ಬರೆಯುವವರು ಹತ್ತಡಿ ಎತ್ತರದ ಗೋಡೆಯ ಮುಂದೆ ಅಳತೆ ತಪ್ಪಬಹುದು. ಆದ್ದರಿಂದ ನಿಮಗೆ ಬೇಕಾದ ಮಾಧ್ಯಮದಲ್ಲೇ ಅವರು ಮುಗಿಸಿಕೊಟ್ಟ ಎರಡು ಮೂರು ಕೆಲಸಗಳನ್ನು ನೋಡಿ, ಸಾಧ್ಯವಾದರೆ ಬರೆಸಿದವರನ್ನೂ ಮಾತಾಡಿಸಿ. ಭಿತ್ತಿಚಿತ್ರವಾದರೆ ‘ಎರಡು ಮಳೆಗಾಲ ಕಂಡ ಗೋಡೆಯೊಂದನ್ನು ತೋರಿಸಿ’ ಎಂದು ಕೇಳಿ. ಬರೆದ ವಾರದಲ್ಲಿ ತೆಗೆದ ಫೋಟೋದಲ್ಲಿ ಎಲ್ಲ ಗೋಡೆಗಳೂ ಚೆನ್ನಾಗಿಯೇ ಕಾಣುತ್ತವೆ. ಇನ್ನೊಬ್ಬ ಕಲಾವಿದರ ಚಿತ್ರವನ್ನು ತೋರಿಸಿ ‘ಹೀಗೆಯೇ ಬೇಕು, ಕಡಿಮೆಗೆ ಮಾಡಿಕೊಡಿ’ ಎನ್ನುವ ಅಭ್ಯಾಸ ನಮ್ಮಲ್ಲಿದೆ. ಅದು ಇಬ್ಬರಿಗೂ ಮಾಡುವ ಅವಮಾನ, ಮೇಲಾಗಿ ಫಲವೂ ಒಳ್ಳೆಯದಿರುವುದಿಲ್ಲ.

ಒಂದು ಹಾಳೆ

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯನ್ನು ಬರೆದುಕೊಂಡು ಹೋಗುವುದು ಲೇಸು. ಚಿತ್ರದ ಅಳತೆ ಎಷ್ಟು, ಎಲ್ಲಿ ಇರುತ್ತದೆ, ಎಷ್ಟು ದೂರದಿಂದ ನೋಡುತ್ತಾರೆ, ಅಲ್ಲಿಗೆ ಬೆಳಕು ಯಾವ ಕಡೆಯಿಂದ ಬರುತ್ತದೆ, ಯಾವ ದಿನಕ್ಕೆ ಬೇಕು, ಕೊಡಬಹುದಾದ ಹಣ ಎಷ್ಟು ಎಂಬುದೆಲ್ಲ ಅದರಲ್ಲಿರಲಿ. ಹಣದ ಮಾತನ್ನು ಕೊನೆಗೆ ಇಟ್ಟುಕೊಳ್ಳುವುದು ನಮ್ಮ ಸಂಕೋಚ. ಮೊದಲೇ ಹೇಳಿದರೆ ಕಲಾವಿದರು ಅದಕ್ಕೆ ತಕ್ಕ ಅಳತೆಯನ್ನೂ ಮಾಧ್ಯಮವನ್ನೂ ತಾವೇ ಸೂಚಿಸುತ್ತಾರೆ. ‘ದೊಡ್ಡದು’ ಎಂದು ಬರೆಯಬೇಡಿ, 24 ಇಂಚು ಅಗಲ 36 ಇಂಚು ಎತ್ತರ ಎಂದು ಬರೆಯಿರಿ. ಆ ಅಳತೆಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಗೋಡೆಗೆ ತೂಗಿಸಿ, ಎರಡು ದಿನ ನೋಡಿ. ನಮ್ಮ ಚಾವಡಿಯಲ್ಲಿ ಹಾಗೆ ಮಾಡಿದಾಗಲೇ, ನಾನು ಹೇಳಹೊರಟಿದ್ದ ಅಳತೆ ಬಾಗಿಲಿನ ದಾರಂದಕ್ಕೆ ತಾಗುತ್ತದೆಂದು ತಿಳಿದದ್ದು.

ನಿಮಗೆ ಮೆಚ್ಚಿಗೆಯಾದ ಎರಡು ಮೂರು ಚಿತ್ರಗಳ ಜೊತೆಗೆ ಮೆಚ್ಚಿಗೆಯಾಗದ ಒಂದನ್ನೂ ಕೊಂಡುಹೋಗಿ, ಯಾಕೆ ಬೇಡ ಎಂಬುದನ್ನು ಹೇಳಿ. ಬೇಡದ್ದನ್ನು ಹೇಳುವುದು ಬೇಕಾದದ್ದನ್ನು ಹೇಳುವುದಕ್ಕಿಂತ ಎಷ್ಟೋ ಸುಲಭ, ಕಲಾವಿದರಿಗೂ ಅದರಿಂದಲೇ ಹೆಚ್ಚು ತಿಳಿಯುತ್ತದೆ.

ಭಾವಚಿತ್ರ: ಫೋಟೋ ಸರಿಯಿದ್ದರೆ ಅರ್ಧ ಕೆಲಸ

ತೀರಿಕೊಂಡವರ ಭಾವಚಿತ್ರ ಬರೆಸುವಾಗ ಕಲಾವಿದರ ಎದುರಿಗಿರುವುದು ನೀವು ಕೊಟ್ಟ ಫೋಟೋ ಮಾತ್ರ. ಪಾಸ್‌ಪೋರ್ಟ್ ಅಳತೆಯ ಮಾಸಿದ ಪ್ರತಿಯಿಂದ ಮೂರಡಿಯ ಚಿತ್ರ ಮಾಡಬೇಕಾದರೆ, ಕಣ್ಣಿನ ಅಂಚು, ತುಟಿಯ ಗೆರೆ ಮೊದಲಾದವನ್ನು ಅವರು ಊಹಿಸಿಯೇ ಬರೆಯಬೇಕಾಗುತ್ತದೆ. ಆ ಊಹೆಯಲ್ಲೇ ‘ಹೋಲಿಕೆ ಬಂದಿಲ್ಲ’ ಎಂಬ ದೂರು ಹುಟ್ಟುವುದು. ಹಳೆಯ ಫೋಟೋವನ್ನು ಚೌಕಟ್ಟಿನ ಗಾಜಿನಿಂದ ಹೊರತೆಗೆದು, 600 ಡಿಪಿಐಯಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿಸಿ. ಗಾಜಿನ ಮೇಲಿನಿಂದ ಮೊಬೈಲಿನಲ್ಲಿ ತೆಗೆದರೆ ಟ್ಯೂಬ್‌ಲೈಟಿನ ಬಿಳುಪು ಹಣೆಯ ಮೇಲೆ ಬಂದು ಕುಳಿತಿರುತ್ತದೆ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಅದು ಕುಗ್ಗಿ ವಿವರಗಳು ಹೋಗುತ್ತವೆ. ಮುಖ್ಯ ಫೋಟೋ ಒಂದೇ ಇರಲಿ, ಆದರೆ ಅದೇ ವಯಸ್ಸಿನ ಬೇರೆ ನಾಲ್ಕೈದು ಫೋಟೋಗಳನ್ನೂ ಜೊತೆಗೆ ಕೊಡಿ. ಮೂಗಿನ ಆಕಾರ ಒಂದು ಕೋನದಿಂದ ಪೂರ್ತಿ ತಿಳಿಯುವುದಿಲ್ಲ.

ಅಮ್ಮನ ಚಿತ್ರದ ವಿಷಯದಲ್ಲಿ ನಾನು ಇವೆಲ್ಲವನ್ನೂ ಮಾಡಿದ್ದೆ. ಮುಖ್ಯ ಫೋಟೋ ಮಗ ಆಕೆಯ ಪಕ್ಕದಲ್ಲಿ ಕುಳಿತು ಮೊಬೈಲಿನ ಮುಂದಿನ ಕ್ಯಾಮರಾದಲ್ಲಿ ತೆಗೆದದ್ದು. ನಗು ಸಹಜವಾಗಿತ್ತು, ಬೆಳಕು ಚೆನ್ನಾಗಿತ್ತು. ಕಲಾವಿದರು ಆ ನಗುವನ್ನು ಅಷ್ಟೇ ಸಹಜವಾಗಿ ಕ್ಯಾನ್ವಾಸಿಗೆ ತಂದರು. ಚಿತ್ರ ಮನೆಗೆ ಬಂದ ದಿನ ಅಕ್ಕ ಜಗಲಿಯಲ್ಲೇ ನಿಂತು, ‘ಅಮ್ಮ ಯಾವಾಗ ಬಲ ಹೆಗಲಿಗೆ ಸೆರಗು ಹಾಕಿದ್ದು?’ ಎಂದು ಕೇಳಿದಳು. ಮುಂದಿನ ಕ್ಯಾಮರಾ ಕನ್ನಡಿಯಂತೆ ಎಡಬಲಗಳನ್ನು ಅದಲುಬದಲು ಮಾಡಿ ಉಳಿಸಿಕೊಂಡಿತ್ತು. ಸೆರಗು ಬಲಕ್ಕೆ ಹೋಗಿತ್ತು, ಮೂಗುಬೊಟ್ಟು ಮೂಗಿನ ಇನ್ನೊಂದು ಮಗ್ಗುಲಿಗೆ ಹೋಗಿತ್ತು, ಗಲ್ಲದ ಮಚ್ಚೆಯೂ ಆಚೆಗೆ ಸರಿದಿತ್ತು. ಅಮ್ಮನನ್ನು ಕಾಣದ ಕಲಾವಿದರಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ನನಗೆ ತಿಳಿಯಬೇಕಾಗಿತ್ತು. ಕರಡು ಚಿತ್ರವನ್ನು ಅವರು ಕಳುಹಿಸಿದಾಗ ನಾನೊಬ್ಬನೇ ನೋಡಿ ಒಪ್ಪಿಗೆ ಕೊಟ್ಟಿದ್ದೆ. ಕರಡನ್ನು ಆ ವ್ಯಕ್ತಿಯನ್ನು ದಿನವೂ ಕಂಡ ಇಬ್ಬರಿಗಾದರೂ ತೋರಿಸಿದ ಮೇಲೆಯೇ ‘ಮುಂದುವರಿಸಿ’ ಎನ್ನಬೇಕೆಂಬುದನ್ನು ನಾನು ಕಲಿತದ್ದು ಹೀಗೆ.

ಕಪ್ಪುಬಿಳುಪು ಫೋಟೋದಿಂದ ಬಣ್ಣದ ಚಿತ್ರ ಬರೆಸುವವರು ಸೀರೆಯ ಬಣ್ಣ, ಅಂಚಿನ ಬಣ್ಣ, ಮೈಬಣ್ಣ, ಕಣ್ಣಿನ ಬಣ್ಣಗಳನ್ನು ಬರೆದು ಕೊಡಬೇಕು. ಆ ಸೀರೆ ಪೆಟ್ಟಿಗೆಯಲ್ಲಿದ್ದರೆ ಹಗಲು ಬೆಳಕಿನಲ್ಲಿ ಅದರ ಫೋಟೋ ತೆಗೆದು ಕಳುಹಿಸಿ. ಮೈಬಣ್ಣವನ್ನು ಇದ್ದುದಕ್ಕಿಂತ ಬೆಳ್ಳಗೆ ಮಾಡಿಸುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ. ಗುರುತು ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ತೈಲವರ್ಣವೋ ಆಕ್ರಿಲಿಕ್ಕೋ ಎಂಬುದನ್ನು ಸಮಯ ನೋಡಿ ತೀರ್ಮಾನಿಸಿ. ಆಕ್ರಿಲಿಕ್ ಗಂಟೆಗಳಲ್ಲಿ ಒಣಗುತ್ತದೆ. ತೈಲವರ್ಣ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ತಿಂಗಳುಗಳು ಬೇಕು, ಕೊನೆಯ ವಾರ್ನಿಶನ್ನು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ಬಳಿಕ ಬಳಿಯುತ್ತಾರೆ. ನಮ್ಮ ಮಳೆಗಾಲದ ತೇವದಲ್ಲಿ ಒಣಗುವುದು ಇನ್ನೂ ನಿಧಾನ. ವರ್ಷಾಂತಿಕಕ್ಕೆ ಚಿತ್ರ ಬೇಕೆಂದರೆ ಮೂರು ನಾಲ್ಕು ತಿಂಗಳು ಮೊದಲೇ ಹೇಳಿ, ವಾರ್ನಿಶ್ ಬಳಿಯಲು ಮತ್ತೆ ಬರುವ ಹೊಣೆ ಯಾರದೆಂದು ಆಗಲೇ ಮಾತಾಡಿಕೊಳ್ಳಿ.

ಗೋಡೆಯ ಚಿತ್ರ: ಗೋಡೆಯದೇ ಮೊದಲ ಮಾತು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಇಲ್ಲಿಯ ಹಳೆಯ ಗೋಡೆಗಳು ಹೆಚ್ಚಾಗಿ ಮುರಕಲ್ಲಿನವು. ಮುರಕಲ್ಲು ನೀರನ್ನು ಹೀರಿಕೊಳ್ಳುವ ಕಲ್ಲು. ಆದ್ದರಿಂದ ಏನು ಬರೆಸುವುದೆಂಬ ಚರ್ಚೆಗೆ ಮೊದಲು, ಎಲ್ಲಿ ಬರೆಸುವುದೆಂಬುದನ್ನು ಮಳೆಗಾಲದಲ್ಲೇ ಹೋಗಿ ನೋಡಬೇಕು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆ ಗೋಡೆಯ ಯಾವ ಭಾಗ ಕಪ್ಪಾಗುತ್ತದೆ, ಎಲ್ಲಿ ಪಾಚಿ ಹಿಡಿಯುತ್ತದೆ, ತಾರಸಿಯ ನೀರಿನ ಕೊಳವೆ ಎಲ್ಲಿ ಸೋರುತ್ತದೆ, ಸೂರಿನ ಹನಿ ಎಷ್ಟು ದೂರಕ್ಕೆ ಸಿಡಿಯುತ್ತದೆ ಎಂಬುದನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಮಾರ್ಚ್‌ನ ಬಿಸಿಲಿನಲ್ಲಿ ನೋಡಿದರೆ ಇದಾವುದೂ ಕಾಣದು.

ಗೋಡೆಯಲ್ಲಿ ತೇವವಿದೆಯೇ ಎಂದು ತಿಳಿಯಲು ಸುಲಭವಾದ ಒಂದು ಪರೀಕ್ಷೆಯಿದೆ. ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಬೇಕು. ಮರುದಿನ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ ಆ ಗೋಡೆ ಇನ್ನೂ ಬಣ್ಣಕ್ಕೆ ಸಿದ್ಧವಾಗಿಲ್ಲ. ಇನ್ನೊಂದು ವಿಷಯ, ಹೊಸ ಸಿಮೆಂಟ್ ಸಾರಣೆಯದು. ಹೊಸ ಸಿಮೆಂಟಿನಲ್ಲಿ ಕ್ಷಾರ ಹೆಚ್ಚಿರುತ್ತದೆ. ಕನಿಷ್ಠ 28 ದಿನ ಬಿಟ್ಟು, ಕ್ಷಾರವನ್ನು ತಡೆಯುವ ಪ್ರೈಮರ್ ಬಳಿದ ಮೇಲೆಯೇ ಬಣ್ಣ ಹಚ್ಚಬೇಕು.

ಶಾಲೆಯ ಗೋಡೆಯಲ್ಲಿ ನಾವು ಈ ಎರಡನ್ನೂ ಮಾಡಲಿಲ್ಲ. ಸಮಾರಂಭದ ದಿನ ನಿಗದಿಯಾಗಿತ್ತು, ಸಾರಣೆಯವರು ತಡವಾಗಿ ಬಂದರು, ಸಾರಣೆ ಮುಗಿದ ಹನ್ನೆರಡನೆಯ ದಿನಕ್ಕೆ ಕಲಾವಿದರು ಏಣಿ ಹತ್ತಿದರು. ಅವರು ಬೇಡವೆಂದೇ ಹೇಳಿದ್ದರು, ‘ಆಗುತ್ತದೆ ಮಾರಾಯರೇ’ ಎಂದು ಒತ್ತಾಯಿಸಿದ್ದು ನಮ್ಮ ಸಮಿತಿ. ಸಮಾರಂಭದ ದಿನ ಗೋಡೆ ಕಣ್ಣು ಕೋರೈಸುವಂತಿತ್ತು. ಜುಲೈಯಲ್ಲಿ ಹೋಗಿ ನೋಡಿದರೆ ಚಿತ್ರದಲ್ಲಿದ್ದ ಚಂದ್ರಗಿರಿ ಹೊಳೆಯ ನೀಲಿಯ ಮೇಲೆಲ್ಲ ಬಿಳಿ ಹುಡಿ ಎದ್ದಿತ್ತು, ಬೆರಳಿನಿಂದ ಒರಸಿದರೆ ಉಪ್ಪಿನಂತೆ ಅಂಟಿಕೊಂಡಿತು. ದಡದ ಅಡಿಕೆಮರಗಳ ಬುಡದಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಮಕ್ಕಳು ಅದನ್ನು ಉಗುರಿನಿಂದ ಕೀಳುವ ಆಟವನ್ನು ಆಗಲೇ ಕಂಡುಹಿಡಿದಿದ್ದರು. ಆ ಭಾಗವನ್ನು ಕೆರೆದು, ಒಣಗಿಸಿ, ಮತ್ತೆ ಬರೆಸಿದ ಖರ್ಚಿನಲ್ಲಿ ಸಮಾರಂಭವನ್ನು ಒಂದು ತಿಂಗಳು ಮುಂದೆ ಹಾಕಬಹುದಿತ್ತು.

ಎರಡನೆಯ ಸಲ ಬರೆಸುವಾಗ ನೆಲದಿಂದ ಎರಡಡಿಯನ್ನು ಚಿತ್ರವಿಲ್ಲದೆ, ಕಾವಿಗೆ ಹತ್ತಿರದ ಗಾಢ ಬಣ್ಣದ ಪಟ್ಟಿಯಾಗಿ ಬಿಟ್ಟೆವು. ನಮ್ಮ ಅಂಗಳದ ಕೆಂಪು ಮಣ್ಣು ಮಳೆಯಲ್ಲಿ ಸಿಡಿದು ಕಲೆಯಾಗುವುದು ಆ ಎರಡಡಿಯಲ್ಲೇ. ಚಿತ್ರದ ಕೆಲಸಕ್ಕೆ ನಮ್ಮಲ್ಲಿ ಒಳ್ಳೆಯ ಕಾಲ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ. ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗುಮಳೆ ಪೂರ್ತಿ ನಿಂತ ಮೇಲೆ ಶುರುಮಾಡಿ, ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲು ಮುಗಿಸಿದರೆ ಚಿಂತೆಯಿಲ್ಲ. ಹೊರಗೋಡೆಗೆ ಹೊರಾಂಗಣದ ಆಕ್ರಿಲಿಕ್ ಎಮಲ್ಷನ್ನೇ ಬೇಕು. ಮಿಂಚುವ ಗುಲಾಬಿ, ಫ್ಲೋರೊಸೆಂಟ್ ಹಸಿರುಗಳಂತಹ ಬಣ್ಣಗಳು ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಾಸುತ್ತವೆ. ಮೇಲಿನ ಪಾರದರ್ಶಕ ಲೇಪವನ್ನು ಗೋಡೆ ಪೂರ್ತಿ ಒಣಗಿದ ಮೇಲೆಯೇ ಹಚ್ಚಬೇಕು, ತೇವ ಒಳಗೆ ಸಿಕ್ಕಿಕೊಂಡರೆ ಅದು ಬೆಳ್ಳಗೆ ಮಂಜು ಕಟ್ಟುತ್ತದೆ.

ಭಿತ್ತಿಚಿತ್ರದ ಬೆಲೆಯನ್ನು ಸಾಮಾನ್ಯವಾಗಿ ಚದರಡಿಗೆ ಹೇಳುತ್ತಾರೆ. 40 ಅಡಿ ಉದ್ದ 8 ಅಡಿ ಎತ್ತರವೆಂದರೆ 320 ಚದರಡಿ. ನಡುವೆ ಇರುವ ಕಿಟಕಿಗಳನ್ನು ಕಳೆಯಿರಿ ಎಂದು ಚೌಕಾಸಿ ಮಾಡುವವರಿದ್ದಾರೆ, ಆದರೆ ಕಿಟಕಿಯ ಸುತ್ತ ಚಿತ್ರವನ್ನು ಹೊಂದಿಸುವುದು ಬರಿಯ ಗೋಡೆಗೆ ಬರೆಯುವುದಕ್ಕಿಂತ ಕಷ್ಟದ ಕೆಲಸ. ಅದರ ಬದಲು ಆ ದರದೊಳಗೆ ಏನೇನು ಸೇರಿದೆ ಎಂದು ಕೇಳಿ. ಬಣ್ಣ, ಪ್ರೈಮರ್, ಅಟ್ಟಳಿಗೆ, ಸಹಾಯಕರ ಕೂಲಿ, ದೂರದವರಾದರೆ ಉಳಿದುಕೊಳ್ಳುವ ವ್ಯವಸ್ಥೆ ಮತ್ತು ಊಟ, ಇವುಗಳಲ್ಲಿ ಯಾವುದು ಯಾರ ಖರ್ಚು ಎಂಬುದು ಬರಹದಲ್ಲಿರಲಿ. ಅನುದಾನಿತ ಶಾಲೆಯಾದರೆ ಮ್ಯಾನೇಜರರ ಲಿಖಿತ ಒಪ್ಪಿಗೆ, ದೇವಸ್ಥಾನವಾದರೆ ಆಡಳಿತದವರ ಮತ್ತು ತಂತ್ರಿಗಳ ಒಪ್ಪಿಗೆ ಮೊದಲೇ ಸಿಗಬೇಕು. ರಸ್ತೆಬದಿಯ ಗೋಡೆ ನಿಮ್ಮದೇ ಎಂಬುದನ್ನೂ ಒಮ್ಮೆ ಖಚಿತಪಡಿಸಿಕೊಳ್ಳಿ. ತಲಪಾಡಿಯಿಂದ ತೆಂಕಲಿಗೆ ಹೆದ್ದಾರಿ 66 ಅಗಲವಾದಾಗ ಎಷ್ಟೋ ಆವರಣ ಗೋಡೆಗಳು ಚಿತ್ರಗಳ ಸಮೇತ ಹೋದದ್ದನ್ನು ನಾವು ಕಂಡಿದ್ದೇವೆ.

ಕೇರಳ ಶೈಲಿಯ ಭಿತ್ತಿಚಿತ್ರ ಬರೆಸುವವರು ಅದರ ಕ್ರಮವನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಅದು ಕಾವಿ, ಹಳದಿ, ಹಸಿರು, ಕಪ್ಪು, ಬಿಳಿ ಎಂಬ ಪಂಚವರ್ಣಗಳ ಶೈಲಿ. ಸಂಪ್ರದಾಯದಲ್ಲಿ ಬಿಳಿಯೆಂದರೆ ಸುಣ್ಣ ಬಳಿದ ಗೋಡೆಯ ಬಿಳುಪೇ. ಆಕೃತಿಯನ್ನು ಮೊದಲು ತೆಳು ಗೆರೆಯಲ್ಲಿ ಹಾಕಿಕೊಂಡು, ಗೆರೆಯನ್ನು ಸ್ಥಿರಪಡಿಸಿ, ತಿಳಿ ಬಣ್ಣದಿಂದ ಗಾಢಕ್ಕೆ ಹೋಗಿ, ಛಾಯೆ ಕೊಟ್ಟು, ಕೊನೆಗೆ ಕಪ್ಪು ಗೆರೆ ಎಳೆಯುತ್ತಾರೆ. ದೇವರ ಆಕೃತಿ, ಆ ದೇವರ ರೂಪವನ್ನು ವರ್ಣಿಸುವ ಧ್ಯಾನಶ್ಲೋಕದಲ್ಲಿ ಹೇಳಿದಂತೆ ಇರಬೇಕು. ‘ನೀಲಿ ಸ್ವಲ್ಪ ಜಾಸ್ತಿಯಿರಲಿ’, ‘ಮುಖ ಇನ್ನೂ ಸಹಜವಾಗಿರಲಿ’ ಎನ್ನುವವರು ಬೇರೆ ಶೈಲಿಯನ್ನೇ ಆರಿಸಿಕೊಳ್ಳುವುದು ವಾಸಿ. ಏನನ್ನೇ ಬದಲಿಸಬೇಕಾದರೂ ಮೊದಲ ಗೆರೆಯ ಹಂತದಲ್ಲೇ ಹೇಳಬೇಕು, ಕಪ್ಪು ಗೆರೆ ಬಿದ್ದ ಮೇಲೆ ಹೇಳಿದರೆ ಮತ್ತೆ ಬರೆಸಬೇಕು.

ಗಡಿನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವಿಷಯ ಅಕ್ಷರಗಳದು. ಮಲಯಾಳಿ ಕಲಾವಿದರು ಕನ್ನಡದ ಸಾಲನ್ನು ನೋಡಿ ಬರೆಯುವಾಗ ಅಕ್ಷರವನ್ನು ಚಿತ್ರವಾಗಿ ನೋಡುತ್ತಾರೆ, ಅದು ಸಹಜ. ಒತ್ತಕ್ಷರದ ಬಾಲ, ದೀರ್ಘದ ಗುರುತು, ತಲಕಟ್ಟು ಎಲ್ಲೋ ಒಂದು ಕಡೆ ಜಾರುತ್ತದೆ. ನಾವು ಕೊನೆಗೆ ಮಾಡಿದ್ದು ಹೀಗೆ: ಬೇಕಾದ ಸಾಲನ್ನು ಗೋಡೆಯ ಅಳತೆಗೇ ದೊಡ್ಡದಾಗಿ ಮುದ್ರಿಸಿ, ಅಕ್ಷರಗಳ ಅಂಚಿನುದ್ದಕ್ಕೂ ಸೂಜಿಯಿಂದ ತೂತುಗಳನ್ನು ಚುಚ್ಚಿ, ಹಾಳೆಯನ್ನು ಗೋಡೆಗೆ ಹಿಡಿದು, ಇದ್ದಿಲ ಹುಡಿ ಕಟ್ಟಿದ ಬಟ್ಟೆಯ ಉಂಡೆಯಿಂದ ತಟ್ಟಿದೆವು. ಹಾಳೆ ತೆಗೆದಾಗ ಗೋಡೆಯ ಮೇಲೆ ಚುಕ್ಕಿಗಳಲ್ಲಿ ಅಕ್ಷರ ಮೂಡಿತ್ತು. ಕಲಾವಿದರು ಚುಕ್ಕಿಗಳನ್ನು ಕೂಡಿಸಿ ತುಂಬಿದರು, ಒಂದು ಒತ್ತಕ್ಷರವೂ ತಪ್ಪಲಿಲ್ಲ.

ಡಿಜಿಟಲ್ ಚಿತ್ರ: ಎಲ್ಲೆಲ್ಲಿ ಬಳಸುತ್ತೀರಿ?

ಡಿಜಿಟಲ್ ಚಿತ್ರವನ್ನು ಹೇಗೆ ಬೇಕಾದರೂ ಹಿಗ್ಗಿಸಬಹುದೆಂಬ ತಪ್ಪು ನಂಬಿಕೆ ಬಲವಾಗಿದೆ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿಗಳ ಲೆಕ್ಕ ಹಿಡಿದರೆ, ಎ4 ಪುಟಕ್ಕೆ 2480 ಅಗಲ 3508 ಎತ್ತರದ ಪಿಕ್ಸೆಲ್‌ಗಳು ಬೇಕು. ಕತ್ತರಿಸುವ ಅಂಚಿಗೆಂದು ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚು ಬಿಡಿಸಬೇಕು. ಫ್ಲೆಕ್ಸ್ ಬ್ಯಾನರನ್ನು ದೂರದಿಂದ ನೋಡುವುದರಿಂದ ಇಂಚಿಗೆ 72ರಿಂದ 100 ಸಾಕಾಗುತ್ತದೆ. ನಾವು ಮುಖಪುಟಕ್ಕೆಂದು ಹೇಳಿ ನಿಲುವಾದ ಚಿತ್ರವೊಂದನ್ನು ಬರೆಸಿದೆವು. ಅದು ಎಲ್ಲರಿಗೂ ಹಿಡಿಸಿತು. ಹಿಡಿಸಿದ ಕಾರಣಕ್ಕೇ ಸಮಿತಿಯವರು ಅದನ್ನು ಮಹಾದ್ವಾರದ ಬಳಿಯ ಅಡ್ಡ ಬ್ಯಾನರಿಗೂ ಹಾಕಿಸಲು ಹೊರಟರು. ಫ್ಲೆಕ್ಸ್ ಅಂಗಡಿಯಲ್ಲಿ ಅದನ್ನು ಅಡ್ಡಕ್ಕೆ ಹೊಂದಿಸಿದಾಗ ಯಕ್ಷಗಾನದ ವೇಷದ ಕಿರೀಟ ಅರ್ಧಕ್ಕೆ ಕತ್ತರಿಸಿಹೋಯಿತು. ಪುಸ್ತಕ, ಬ್ಯಾನರ್, ಆಮಂತ್ರಣ, ವಾಟ್ಸಾಪ್ ಹೀಗೆ ಎಲ್ಲ ಬಳಕೆಗಳನ್ನೂ ಮೊದಲೇ ಹೇಳಿದ್ದರೆ, ಕಲಾವಿದರು ಹಿನ್ನೆಲೆಯನ್ನು ಅಗಲವಾಗಿ ಬರೆದು ಆಕೃತಿಗಳನ್ನು ಬೇರೆ ಪದರದಲ್ಲಿಟ್ಟು ಕೊಡುತ್ತಿದ್ದರು.

ವೇಷದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ದೂರದ ಊರಿನ ಕಲಾವಿದರಿಗೆ ‘ಯಕ್ಷಗಾನ’ ಎಂದಷ್ಟೇ ಹೇಳಿದರೆ, ನಮ್ಮ ತೆಂಕುತಿಟ್ಟಿನ ಶೈಲಿಯ ಬದಲು ಉತ್ತರದ ಬಡಗುತಿಟ್ಟಿನ ಮುಂಡಾಸು ಬರುತ್ತದೆ, ಕೆಲವೊಮ್ಮೆ ಕಥಕ್ಕಳಿಯ ಬಟ್ಟೆಯೇ ಬರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಸ್ಮರಣ ಸಂಚಿಕೆಯ ಮೇಲೆ ಅದು ಬಂದರೆ ಸಹಿಸುವವರು ಯಾರು? ನಮ್ಮ ಮೊದಲ ಕರಡಿನಲ್ಲಿ ಹಾಗೆಯೇ ಆಗಿತ್ತು. ತೆಂಕುತಿಟ್ಟಿನ ರಾಜವೇಷ, ಬಣ್ಣದ ವೇಷ, ಸ್ತ್ರೀವೇಷಗಳ ಹತ್ತು ಫೋಟೋಗಳನ್ನು ಕಳುಹಿಸಿ, ಬಣ್ಣದ ವೇಷದ ಮುಖದ ಮೇಲೆ ಎದ್ದುನಿಲ್ಲುವ ಬಿಳಿಯ ಚುಟ್ಟಿ ಅಕ್ಕಿಹಿಟ್ಟಿನಿಂದ ಇಡುವಂಥದ್ದು, ಬಿಳಿ ಚುಕ್ಕಿ ಹಾಕಿದಂತೆ ಬರೆಯಬೇಡಿ ಎಂದು ವಿವರಿಸಿದ ಮೇಲೆ ಎರಡನೆಯ ಕರಡು ಸರಿಬಂತು. ಕೃತಕ ಬುದ್ಧಿಮತ್ತೆಯಿಂದ ಚಿತ್ರ ತೆಗೆಸಿ ತಿದ್ದಿ ಕೊಡುವವರಲ್ಲಿ ಈ ಬಗೆಯ ತಪ್ಪು ಇನ್ನೂ ಹೆಚ್ಚು. ಅದನ್ನು ಬಳಸುತ್ತೀರಾ, ಬಳಸಿದರೆ ಎಷ್ಟರಮಟ್ಟಿಗೆ ಎಂದು ನೇರವಾಗಿ ಕೇಳುವುದರಲ್ಲಿ ತಪ್ಪಿಲ್ಲ.

ಬಣ್ಣದ ವಿಷಯದಲ್ಲಿ, ಪರದೆಯ ಮೇಲೆ ಕಾಣುವ ಉಜ್ವಲ ಕೇಸರಿ, ಗಿಳಿಹಸಿರು, ಕಡುನೀಲಿಗಳು ನಾಲ್ಕು ಬಣ್ಣದ ಮುದ್ರಣದಲ್ಲಿ ಹಾಗೆಯೇ ಬರುವುದಿಲ್ಲ, ಸ್ವಲ್ಪ ಮಂಕಾಗುತ್ತವೆ. ಮುದ್ರಣಕ್ಕೆಂದು ಆ ನಾಲ್ಕು ಬಣ್ಣಗಳ ಕ್ರಮಕ್ಕೆ (ಸಿಎಂವೈಕೆ) ಪರಿವರ್ತಿಸಿದ ಪ್ರತಿಯನ್ನು ಪಡೆದು, ಮುದ್ರಣಾಲಯದಲ್ಲಿ ಅದೇ ಕಾಗದದ ಮೇಲೆ ಒಂದು ಮಾದರಿ ತೆಗೆಸಿ ನೋಡಿ.

ಕನ್ನಡ ಅಕ್ಷರ ಇಲ್ಲಿಯೂ ಕಾಡುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದ್ದು, ಆ ಫಾಂಟಿಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಕಳುಹಿಸಿದರೆ, ಚಿತ್ರದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಚಾಲೂ ಮಾಡದಿದ್ದಾಗ ಒತ್ತಕ್ಷರಗಳು ಒಡೆಯುತ್ತವೆ. ನಮ್ಮ ಮುಖಪುಟದ ಕರಡಿನಲ್ಲಿ ‘ಬ್ರಹ್ಮಕಲಶೋತ್ಸವ’ ಎಂಬುದು ‘ಬ್‌ರಹ್‌ಮಕಲಶೋತ್‌ಸವ’ ಎಂದು ಬಿಡಿಬಿಡಿಯಾಗಿ ನಿಂತಿತ್ತು. ಕನ್ನಡ ಓದಲು ಬಾರದ ಕಲಾವಿದರಿಗೆ ಅದರಲ್ಲಿ ದೋಷವೇ ಕಾಣಲಿಲ್ಲ. ಪಠ್ಯವನ್ನು ಯೂನಿಕೋಡಿನಲ್ಲಿಯೂ, ಸರಿಯಾಗಿ ಹೇಗೆ ಕಾಣಬೇಕೆಂದು ತೋರಿಸುವ ಪಿಡಿಎಫ್‌ನಲ್ಲಿಯೂ ಕಳುಹಿಸಿ. ಅಂತಿಮ ಕಡತದಲ್ಲಿ ಅಕ್ಷರಗಳನ್ನು ಗೆರೆರೂಪಕ್ಕೆ (ಔಟ್‌ಲೈನ್) ಪರಿವರ್ತಿಸಿ ಕೊಡಲು ಹೇಳಿ. ತಿದ್ದಲು ಬರುವ ಪ್ರತಿಯೊಂದೂ ನಿಮ್ಮಲ್ಲಿ ಪ್ರತ್ಯೇಕವಾಗಿರಲಿ.

ಹಣ, ತಿದ್ದುಪಡಿ, ಹಕ್ಕು

ಹಣವನ್ನು ಹಂತಹಂತವಾಗಿ ಕೊಡುವುದು ಎರಡೂ ಕಡೆಗೆ ಕ್ಷೇಮ. ಕೆಲಸ ಒಪ್ಪುವಾಗ ಒಂದು ಪಾಲು, ಕರಡು ಒಪ್ಪಿಗೆಯಾದಾಗ ಒಂದು ಪಾಲು, ಮುಗಿದಾಗ ಉಳಿದದ್ದು ಎಂದು ಮಾಡಿಕೊಳ್ಳಬಹುದು. ಎಷ್ಟು ಸಲ ತಿದ್ದಿ ಕೊಡುತ್ತಾರೆ, ಅದಕ್ಕಿಂತ ಹೆಚ್ಚಾದರೆ ಎಷ್ಟು, ಕರಡಿನ ಬಳಿಕ ನೀವೇ ಬೇಡವೆಂದರೆ ಎಷ್ಟು ಎಂಬುದನ್ನು ಬರೆದಿಡಿ. ಸಮಿತಿಯ ಪರವಾಗಿ ಬರೆಸುವಾಗ ಕಲಾವಿದರೊಡನೆ ಮಾತಾಡುವವರು ಒಬ್ಬರೇ ಇರಬೇಕು. ನಮ್ಮ ಸಮಿತಿಯಲ್ಲಿ ಅಧ್ಯಕ್ಷರು ಹಳದಿ ಎಂದು, ಕಾರ್ಯದರ್ಶಿ ಕೆಂಪು ಎಂದು ಒಂದೇ ಸಂಜೆ ಬೇರೆಬೇರೆಯಾಗಿ ಫೋನು ಮಾಡಿದ್ದರು. ಚಿತ್ರ ಬರೆಯುತ್ತಿದ್ದ ಹೆಣ್ಣುಮಗಳು ತಾಳ್ಮೆಯಿಂದ ಎರಡನ್ನೂ ಬರೆದು ಕಳುಹಿಸಿ, ಯಾವುದಕ್ಕೆ ಹಣ ಕೊಡುತ್ತೀರಿ ಎಂದು ಕೇಳಿದರು.

ಹಕ್ಕಿನ ವಿಷಯದಲ್ಲಿ ಕಾನೂನು ಹೇಳುವುದನ್ನು ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಒಬ್ಬರ ಕೋರಿಕೆಯ ಮೇಲೆ ಪ್ರತಿಫಲಕ್ಕಾಗಿ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯಕ್ಕೆ ಬರೆಸಿದವರೇ ಮೊದಲ ಒಡೆಯರು. ಎಲ್ಲ ಬಗೆಯ ಚಿತ್ರಗಳನ್ನೂ ಆ ಕಲಮು ಹೆಸರಿಸಿ ಹೇಳಿಲ್ಲವಾದ್ದರಿಂದ, ಡಿಜಿಟಲ್ ರೇಖಾಚಿತ್ರದಂಥವುಗಳಲ್ಲಿ ವಾದಕ್ಕೆ ಎಡೆಯಿಡದೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳುವುದೇ ಸರಿ. ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿ ಬರೆಯದಿದ್ದರೆ 19ನೇ ಕಲಮು ಅದನ್ನು ಐದು ವರ್ಷವೆಂದೂ, ವ್ಯಾಪ್ತಿ ಬರೆಯದಿದ್ದರೆ ಭಾರತದೊಳಗೆಂದೂ ಎಣಿಸುತ್ತದೆ.

ಕೃತಿಸ್ವಾಮ್ಯ ಕೈಬಿಟ್ಟ ಮೇಲೆಯೂ ಕಲಾವಿದರಿಗೆ ಉಳಿಯುವ ಹಕ್ಕೊಂದು 57ನೇ ಕಲಮಿನಲ್ಲಿದೆ: ಕೃತಿ ತಮ್ಮದೆಂದು ಹೇಳಿಕೊಳ್ಳುವ ಮತ್ತು ತಮ್ಮ ಹೆಸರಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕು. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಅವರಿಗೆ ತಿಳಿಸದೆ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಭಾಗಗಳನ್ನು ಅವರಿಗೆ ಮರಳಿಸುವಂತೆಯೂ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆಯೂ ತೀರ್ಪಿತ್ತಿತು. ನಮ್ಮ ಶಾಲೆಯ ಗೋಡೆಗೂ ಇದರಿಂದ ಪಾಠವಿದೆ. ಮುಂದೆ ಕಟ್ಟಡ ಕೆಡಹುವ ಸಾಧ್ಯತೆಯಿದ್ದರೆ ಅದನ್ನು ಒಪ್ಪಂದದಲ್ಲೇ ಬರೆದು, ಕೆಡಹುವ ಮೊದಲು ತಿಳಿಸಿ ಫೋಟೋ ತೆಗೆಯಲು ಅವಕಾಶ ಕೊಡುತ್ತೇವೆಂದು ಸೇರಿಸಿ. ಕಲಾವಿದರ ಸಹಿಯನ್ನು ಮುಚ್ಚುವಂತೆ ಪ್ರಾಯೋಜಕರ ಫಲಕ ಹೊಡೆಯಬೇಡಿ. ಕ್ಯಾಲೆಂಡರಿಗೋ ಅಂಗಿಗೋ ಆ ಚಿತ್ರವನ್ನು ಬಳಸುವ ಯೋಚನೆಯಿದ್ದರೆ ಅದನ್ನೂ ಈಗಲೇ ಹೇಳಿ, ಅದಕ್ಕೆ ಬೇರೆ ಹಣ ಕೇಳಿದರೆ ಅಚ್ಚರಿಪಡಬೇಡಿ.

ಮನೆಗೆ ಬಂದ ಮೇಲೆ

ಕ್ಯಾನ್ವಾಸನ್ನು ಸುರುಳಿ ಸುತ್ತಿ ಕಳುಹಿಸುವುದಾದರೆ ಬಣ್ಣದ ಮೈ ಹೊರಗಿರುವಂತೆ ಅಗಲವಾದ ಪಿವಿಸಿ ಕೊಳವೆಯ ಮೇಲೆ ಸುತ್ತಿಸಬೇಕು, ಒಳಗೆ ಮಾಡಿ ಸುತ್ತಿದರೆ ಬಣ್ಣ ಮಡಚಿ ಬಿರಿಯುತ್ತದೆ. ತೂಗುಹಾಕುವಾಗ ಮಳೆ ಹೊಡೆಯುವ ಹೊರಗೋಡೆಯನ್ನೂ ದೇವರದೀಪದ ಹೊಗೆ ಏರುವ ಗೋಡೆಯನ್ನೂ ಬಿಟ್ಟು ಒಳಗೋಡೆಯನ್ನು ಆರಿಸಿ. ಚೌಕಟ್ಟಿನ ಹಿಂದಿನ ಕೆಳ ಮೂಲೆಗಳಿಗೆ ಎರಡು ಬಿರಡೆಯ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ, ಬೂಸ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಜಲವರ್ಣವಾದರೆ ಗಾಜು ಬೇಕು, ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ಕಾಗದದ ಅಂಚೂ ಬೇಕು.

ಗೋಡೆಯ ಚಿತ್ರವಾದರೆ, ಕಲಾವಿದರು ಅಟ್ಟಳಿಗೆ ಬಿಚ್ಚುವ ಮೊದಲು ಬೆರೆಸಿದ ಮುಖ್ಯ ಬಣ್ಣಗಳನ್ನು ಒಂದೊಂದು ಸಣ್ಣ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಸಿ, ಯಾವ ಜಾಗದ ಬಣ್ಣವೆಂದು ಚೀಟಿ ಅಂಟಿಸಿ ಇಟ್ಟುಕೊಳ್ಳಿ. ಶಾಲೆಯ ಕಚೇರಿಯ ಕಪಾಟಿನಲ್ಲಿ ಈಗ ಅಂತಹ ಒಂಬತ್ತು ಬಾಟಲಿಗಳಿವೆ. ಕಳೆದ ವರ್ಷ ಚೆಂಡು ಬಡಿದು ಅಡಿಕೆಮರದ ಒಂದು ಸೋಗೆಯ ಬಣ್ಣ ಎದ್ದುಹೋದಾಗ, ಚಿತ್ರಕಲೆಯ ಅಧ್ಯಾಪಕಿ ‘ಸೋಗೆ, ಬಿಸಿಲಿನ ಕಡೆ’ ಎಂದು ಬರೆದ ಬಾಟಲಿಯನ್ನು ತೆರೆದು ಮಧ್ಯಾಹ್ನದ ಊಟದ ಬಿಡುವಿನಲ್ಲೇ ಅದನ್ನು ತಿದ್ದಿದರು.